ಒಂದು ಮನೆತನದ ಪತ್ರಗಳು, ಒಂದು ದೇಶದ ಅಂತರ್ಯುದ್ಧ

(ಉಪನ್ಯಾಸವೊಂದರ ಪಠ್ಯ)



ಯುದ್ಧದ ಚರಿತ್ರೆಯನ್ನು ಸಾಮಾನ್ಯವಾಗಿ ಸೇನಾಪತಿಗಳ ವರದಿಗಳಿಂದ, ಸರ್ಕಾರಿ ಕಡತಗಳಿಂದ, ಒಪ್ಪಂದಗಳ ದಾಖಲೆಗಳಿಂದ ಬರೆಯುತ್ತಾರೆ. ಈ ದಾಖಲೆಗಳಲ್ಲಿ ಗೆದ್ದವರಿದ್ದಾರೆ, ಸೋತವರಿದ್ದಾರೆ, ಸತ್ತವರ ಸಂಖ್ಯೆಯಿದೆ. ಆದರೆ ಆ ದಿನಗಳಲ್ಲಿ ಮನೆಯೊಳಗೆ ಕುಳಿತ ತಾಯಿ ಏನನ್ನು ಯೋಚಿಸುತ್ತಿದ್ದಳು, ತಂದೆ ಮಗನಿಗೆ ಏನು ಬುದ್ಧಿ ಹೇಳುತ್ತಿದ್ದ, ಅನ್ಯಾಯದ ವ್ಯವಸ್ಥೆಯೊಂದರ ನಡುವೆ ಬದುಕುತ್ತಿದ್ದ ಸಜ್ಜನರು ತಮ್ಮ ಮನಸ್ಸನ್ನು ಹೇಗೆ ಸಮಾಧಾನಪಡಿಸಿಕೊಳ್ಳುತ್ತಿದ್ದರು ಎಂಬ ಪ್ರಶ್ನೆಗಳಿಗೆ ಕಡತಗಳಲ್ಲಿ ಉತ್ತರ ಸಿಗುವುದಿಲ್ಲ. ಅದು ಸಿಗುವುದು ಖಾಸಗಿ ಪತ್ರಗಳಲ್ಲಿ.

ಅಮೆರಿಕದ ಅಂತರ್ಯುದ್ಧಕ್ಕೆ ಸಂಬಂಧಿಸಿದಂತೆ ಇಂಥ ಒಂದು ಅಪೂರ್ವ ಪತ್ರಭಂಡಾರ ಉಳಿದುಬಂದಿದೆ. ಜಾರ್ಜಿಯಾ ರಾಜ್ಯದ ಕರಾವಳಿಯಲ್ಲಿರುವ ಲಿಬರ್ಟಿ ಕೌಂಟಿಯ ಜೋನ್ಸ್ ಮನೆತನದ ಪತ್ರಗಳು ಅವು. ರಾಬರ್ಟ್ ಮ್ಯಾನ್ಸನ್ ಮೈಯರ್ಸ್ ಎಂಬ ವಿದ್ವಾಂಸರು ಸಾವಿರಾರು ಪತ್ರಗಳ ರಾಶಿಯಿಂದ ಸುಮಾರು 1,200 ಪತ್ರಗಳನ್ನು ಆಯ್ದು, 1972ರಲ್ಲಿ ಯೇಲ್ ವಿಶ್ವವಿದ್ಯಾಲಯದ ಮುದ್ರಣಾಲಯದ ಮೂಲಕ ‘ದ ಚಿಲ್ಡ್ರನ್ ಆಫ್ ಪ್ರೈಡ್’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. 1,800 ಪುಟಗಳನ್ನೂ ಮೀರಿದ ಈ ಬೃಹದ್ಗ್ರಂಥಕ್ಕೆ 1973ರಲ್ಲಿ ನ್ಯಾಷನಲ್ ಬುಕ್ ಅವಾರ್ಡ್ ದೊರೆಯಿತು. 1854ರಿಂದ 1868ರವರೆಗಿನ ಪತ್ರಗಳು ಇದರಲ್ಲಿವೆ. ಯುದ್ಧ ನಡೆದದ್ದು 1861ರಿಂದ 1865ರವರೆಗೆ. ಅಂದರೆ ಯುದ್ಧಕ್ಕೆ ಮೊದಲಿನ ನೆಮ್ಮದಿ, ಯುದ್ಧಕಾಲದ ತಲ್ಲಣ, ಯುದ್ಧಾನಂತರದ ಪತನ ಈ ಮೂರನ್ನೂ ಒಂದೇ ಮನೆಯ ಜನ ದಿನದಿನವೂ ಬರೆದಿಟ್ಟಂತಾಗಿದೆ.

ಮನೆತನದ ಪರಿಚಯ

ಮನೆಯ ಯಜಮಾನ ಚಾರ್ಲ್ಸ್ ಕೋಲ್ಕಾಕ್ ಜೋನ್ಸ್, 1804ರಲ್ಲಿ ಹುಟ್ಟಿದವರು. ಪ್ರೆಸ್ಬಿಟೇರಿಯನ್ ಪಂಥದ ಪಾದ್ರಿ. ಜೊತೆಗೆ ಮಾಂಟೆವಿಡಿಯೊ, ಮೇಬ್ಯಾಂಕ್, ಆರ್ಕೇಡಿಯ ಎಂಬ ಮೂರು ತೋಟಗಳ ಒಡೆಯ. ಭತ್ತ ಮತ್ತು ಹತ್ತಿ ಅಲ್ಲಿನ ಬೆಳೆಗಳು. ಆ ಗದ್ದೆಗಳಲ್ಲಿ ದುಡಿಯುತ್ತಿದ್ದವರು ನೂರಕ್ಕೂ ಹೆಚ್ಚು ಕಪ್ಪು ಗುಲಾಮರು. ಹೆಂಡತಿ ಮೇರಿ ಸಂಬಂಧದಲ್ಲಿ ಅವರ ಹತ್ತಿರದ ಸೋದರಿಕೆಯವರೇ. ಹಿರಿಯ ಮಗ ಚಾರ್ಲ್ಸ್ ಹಾರ್ವರ್ಡ್‌ನಲ್ಲಿ ಕಾನೂನು ಓದಿ ಸವನ್ನಾ ಪಟ್ಟಣದಲ್ಲಿ ವಕೀಲನಾದ. ಎರಡನೆಯ ಮಗ ಜೋಸೆಫ್ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಓದಿ ವೈದ್ಯನಾದ. ಮಗಳು ಮೇರಿ ಶಾರ್ಪ್, ರಾಬರ್ಟ್ ಮ್ಯಾಲರ್ಡ್ ಎಂಬ ಪಾದ್ರಿಯ ಕೈಹಿಡಿದಳು.

ಮಕ್ಕಳು ಓದಿಗಾಗಿ, ವೃತ್ತಿಗಾಗಿ ದೂರ ಹೋದದ್ದರಿಂದಲೇ ಪತ್ರಗಳು ಹುಟ್ಟಿಕೊಂಡವು. ತಾಯಿತಂದೆ ಬರೆದದ್ದನ್ನು ಮಕ್ಕಳೂ, ಮಕ್ಕಳು ಬರೆದದ್ದನ್ನು ತಾಯಿತಂದೆಯೂ ಜೋಪಾನವಾಗಿ ಎತ್ತಿಟ್ಟರು. ಬೆಳೆ ಹೇಗಿದೆ, ಯಾರಿಗೆ ಜ್ವರ ಬಂತು, ಭಾನುವಾರದ ಪ್ರವಚನ ಹೇಗಿತ್ತು, ಮೊಮ್ಮಗುವಿಗೆ ಹಲ್ಲು ಬಂತೇ ಇಂಥ ಸಂಗತಿಗಳೇ ಹೆಚ್ಚು. ಒಬ್ಬರಿಗೊಬ್ಬರು ತೋರುವ ಅಕ್ಕರೆ ಪುಟಪುಟದಲ್ಲೂ ಕಾಣುತ್ತದೆ. ಓದುತ್ತ ಹೋದಂತೆ ಈ ಮನೆಯವರ ಮೇಲೆ ನಮಗೂ ಮಮತೆ ಬಂದುಬಿಡುತ್ತದೆ. ತೊಡಕಿರುವುದೇ ಇಲ್ಲಿ. ಈ ಪ್ರೀತಿಯ ಮನೆ ನಿಂತಿದ್ದದ್ದು ಇತರರ ಬೆನ್ನಿನ ಮೇಲೆ.

ಊರಿನ ಹೆಸರೇ ಲಿಬರ್ಟಿ, ಅಂದರೆ ಸ್ವಾತಂತ್ರ್ಯ! ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಲೈಮನ್ ಹಾಲ್ ಈ ಸೀಮೆಯವರೇ. ಇಲ್ಲಿನ ಮಿಡ್‌ವೇ ಚರ್ಚು ಪ್ಯೂರಿಟನ್ ಮೂಲದವರು ಕಟ್ಟಿದ್ದು. ಅದರಲ್ಲಿ ಒಡೆಯರು ಕೆಳಗೆ, ಗುಲಾಮರು ಮೇಲಿನ ಅಟ್ಟಣಿಗೆಯಲ್ಲಿ ಕುಳಿತು ಒಂದೇ ಪ್ರಾರ್ಥನೆ ಕೇಳುತ್ತಿದ್ದರು.

ಎದ್ದು ಹೋದ ಸಭೆ

ಹಿರಿಯ ಜೋನ್ಸ್ ಕ್ರೂರಿಯಲ್ಲ, ಅವಿವೇಕಿಯೂ ಅಲ್ಲ ಎಂಬುದನ್ನು ಗಮನಿಸಬೇಕು. ತರುಣನಾಗಿ ಉತ್ತರದ ಆಂಡೋವರ್ ಮತ್ತು ಪ್ರಿನ್ಸ್‌ಟನ್‌ಗಳಲ್ಲಿ ಧರ್ಮಶಾಸ್ತ್ರ ಓದುತ್ತಿದ್ದಾಗ, ತಾನು ಮದುವೆಯಾಗಲಿದ್ದ ಮೇರಿಗೆ ಬರೆದ ಪತ್ರಗಳಲ್ಲಿ ಗುಲಾಮಗಿರಿ ತಪ್ಪೆಂದೇ ಆತ ಬರೆದಿದ್ದ. ಗುಲಾಮರನ್ನು ಇಟ್ಟುಕೊಳ್ಳುವುದು ಸರಿಯೇ ಎಂಬ ಪ್ರಶ್ನೆ ಆತನನ್ನು ಕಾಡುತ್ತಿತ್ತು. ಕೊನೆಗೆ ಆತ ಕಂಡುಕೊಂಡದ್ದು ನಡುದಾರಿ. ಗುಲಾಮಗಿರಿಯನ್ನು ಬಿಡುವುದರ ಬದಲು ಗುಲಾಮರಿಗೆ ಧರ್ಮಬೋಧನೆ ಮಾಡುವುದು. ಮುಂದೆ ಇದನ್ನೇ ಜೀವನದ ಕಾರ್ಯವನ್ನಾಗಿ ಮಾಡಿಕೊಂಡು, ‘ಗುಲಾಮರ ಧರ್ಮದೂತ’ ಎಂಬ ಹೆಸರನ್ನೂ ಪಡೆದ.

ಗುಲಾಮರಿಗೆ ಅಕ್ಷರ ಕಲಿಸುವುದನ್ನು ಜಾರ್ಜಿಯಾ 1829ರಲ್ಲಿ ಕಾನೂನಿನ ಮೂಲಕ ನಿಷೇಧಿಸಿತ್ತು. ಹಾಗಾಗಿ ಜೋನ್ಸ್ ಬಾಯಿಪಾಠದಿಂದ ಕಲಿಸುವ ಪ್ರಶ್ನೋತ್ತರ ಪುಸ್ತಕವೊಂದನ್ನು ಸಿದ್ಧಪಡಿಸಿದರು. ಪ್ರತಿ ವಾರ ಕುದುರೆಯೇರಿ ತೋಟದಿಂದ ತೋಟಕ್ಕೆ ಹೋಗಿ ಬೋಧಿಸಿದರು. ಈ ಬೋಧನೆಯಲ್ಲಿ ನಡೆದ ಒಂದು ಪ್ರಸಂಗವನ್ನು ಅವರೇ ಪ್ರಾಮಾಣಿಕವಾಗಿ ದಾಖಲಿಸಿದ್ದಾರೆ. ಒಡೆಯನ ಮನೆಯಿಂದ ಓಡಿಹೋಗಿದ್ದ ಒನೇಸಿಮನೆಂಬ ದಾಸನನ್ನು ಸಂತ ಪೌಲ ಹಿಂದಕ್ಕೆ ಕಳಿಸಿದ ಕಥೆ ಬೈಬಲಿನಲ್ಲಿ ಬರುತ್ತದೆ. ಅದನ್ನು ಆಧರಿಸಿ, ಓಡಿಹೋಗುವುದು ಪಾಪ ಎಂದು ಜೋನ್ಸ್ ಪ್ರವಚನ ಮಾಡಿದಾಗ ಕೇಳುತ್ತಿದ್ದ ಗುಲಾಮರಲ್ಲಿ ಅರ್ಧದಷ್ಟು ಜನ ಎದ್ದು ಹೊರಟೇಹೋದರು. ಉಳಿದವರಲ್ಲೂ ಅಸಮಾಧಾನ. ಇಂಥ ಮಾತು ಬೈಬಲಿನಲ್ಲಿ ಇಲ್ಲವೇ ಇಲ್ಲ ಎಂದವರುಂಟು, ಇದು ಸುವಾರ್ತೆಯೇ ಅಲ್ಲವೆಂದವರುಂಟು.

ಅಕ್ಷರ ಬಾರದ ಜನ ಧರ್ಮಶಾಸ್ತ್ರ ಓದಿದ ಪಾದ್ರಿಗೆ ಕೊಟ್ಟ ಉತ್ತರ ಇದು. ಅವರು ಹೇಳಿದ್ದು ಅವರ ಕೈಬರಹದಲ್ಲಿಲ್ಲ, ಬೋಧಕನ ವರದಿಯಲ್ಲಿದೆ. ಪತ್ರಗಳನ್ನು ಓದುವಾಗ ಈ ಸಂಗತಿ ನೆನಪಿನಲ್ಲಿರಬೇಕು. ಇಡೀ ಪತ್ರಭಂಡಾರದಲ್ಲಿ ಗುಲಾಮರು ಬಹುಮಟ್ಟಿಗೆ ಇತರರ ಬಾಯಲ್ಲಿ ಬಂದುಹೋಗುವವರು. ‘ಗುಲಾಮ’ ಎಂಬ ಪದವನ್ನೂ ಮನೆಯವರು ಅಪರೂಪಕ್ಕಷ್ಟೇ ಬಳಸುತ್ತಾರೆ. ‘ಆಳುಗಳು’, ‘ನಮ್ಮ ಜನ’ ಎಂಬುದೇ ರೂಢಿ. ಪತ್ರದ ಕೊನೆಯಲ್ಲಿ ‘ಆಳುಗಳೆಲ್ಲ ನಿನ್ನನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ’ ಎಂಬರ್ಥದ ಸಾಲುಗಳು ಬರುವುದುಂಟು. ಆ ಸಾಲು ಬರೆಯುವವರಿಗೆ ಅದು ನಿಜವಾದ ಪ್ರೀತಿಯೆಂದೇ ನಂಬಿಕೆ.

ಜೇನ್ ಎಂಬ ಹುಡುಗಿ

ಈ ನಂಬಿಕೆಯ ಒಳಗು ಏನೆಂಬುದು 1856ರಲ್ಲಿ ಬಯಲಾಯಿತು. ಅದಕ್ಕೆ ಮೊದಲು 1854ರಲ್ಲಿ, ಆಂಟನಿ ಬರ್ನ್ಸ್ ಎಂಬ ಓಡಿಬಂದ ಗುಲಾಮನನ್ನು ಬಾಸ್ಟನ್ನಿನಲ್ಲಿ ಹಿಡಿದು, ವಿಚಾರಣೆ ನಡೆಸಿ, ಸೈನಿಕರ ಕಾವಲಿನಲ್ಲಿ ವರ್ಜೀನಿಯಕ್ಕೆ ಹಿಂದಕ್ಕೆ ಕಳಿಸಲಾಗಿತ್ತು. ಬಾಸ್ಟನ್ನಿನ ಜನ ಬೀದಿಗಿಳಿದು ಪ್ರತಿಭಟಿಸಿದ್ದರು. ಆಗ ಪಕ್ಕದ ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ಮಗ ಚಾರ್ಲ್ಸ್‌ನ ಒಲವು ಕಾನೂನಿನ ಕಡೆಗೆ, ಅಂದರೆ ಒಡೆಯರ ಕಡೆಗೆ.

ಎರಡು ವರ್ಷದಲ್ಲಿ ಅದೇ ಸಮಸ್ಯೆ ಸ್ವಂತ ಮನೆಗೆ ಬಂತು. ಜೋನ್ಸರ ತೋಟದ ಜೇನ್ ಎಂಬ ತರುಣಿ ತಪ್ಪಿಸಿಕೊಂಡು ಸವನ್ನಾ ಪಟ್ಟಣಕ್ಕೆ ಹೋಗಿ ಅಲ್ಲಿ ಕೆಲಸಕ್ಕೆ ಸೇರಿಕೊಂಡಳು. ಸವನ್ನಾದಲ್ಲಿ ವಕೀಲನಾಗಿದ್ದ ಚಾರ್ಲ್ಸ್ ಅವಳನ್ನು ಪತ್ತೆ ಮಾಡಿಸಿ ಹಿಡಿಸಿದ. ತಂದೆ ಮಗನ ನಡುವೆ ಪತ್ರಗಳು ಓಡಾಡಿದವು. ಜೇನ್, ಅವಳ ತಾಯಿ ಫೀಬಿ, ತಂದೆ ಕ್ಯಾಸಿಯಸ್ ಮತ್ತು ಅವರ ಜೊತೆಯಿದ್ದ ಮಕ್ಕಳು, ಎಲ್ಲರನ್ನೂ ಒಟ್ಟಿಗೆ ಮಾರಿಬಿಡುವುದೆಂದು ತೀರ್ಮಾನವಾಯಿತು. ಸಂಸಾರವನ್ನು ಒಡೆಯಬಾರದು, ಒಳ್ಳೆಯ ಒಡೆಯನ ಕೈಗೇ ಕೊಡಬೇಕು ಎಂಬುದು ಪಾದ್ರಿಯ ಷರತ್ತು. ಇದನ್ನು ಅವರು ತಮ್ಮ ಧರ್ಮಬುದ್ಧಿಯೆಂದೇ ತಿಳಿದಿದ್ದರು. ಆದರೂ ಫೀಬಿಯ ದೊಡ್ಡ ಹೆಣ್ಣುಮಕ್ಕಳು ತೋಟದಲ್ಲೇ ಉಳಿದರು. ಕೊಂಡವನು ತನ್ನ ತೋಟಕ್ಕೇ ಎಂದು ಹೇಳಿ ಕೊಂಡ, ಆಮೇಲೆ ನೋಡಿದರೆ ಆ ಸಂಸಾರ ನೂರಾರು ಮೈಲು ದೂರದ ನ್ಯೂ ಆರ್ಲಿಯನ್ಸ್‌ನ ಗುಲಾಮರ ಪೇಟೆಯಲ್ಲಿತ್ತು. ಮೋಸವಾಯಿತೆಂದು ಜೋನ್ಸರಿಗೆ ಸಿಟ್ಟು ಬಂತು. ಮಾರಿದ್ದೇ ತಪ್ಪೆಂಬ ಮಾತು ಮಾತ್ರ ಬರಲಿಲ್ಲ.

ಈ ವಿಷಯ ಬಯಲಾದದ್ದು ಒಂದು ಪತ್ರದಿಂದ. 1857ರ ಮಾರ್ಚ್ 17ರ ತಾರೀಖಿನ ಆ ಪತ್ರವನ್ನು ನ್ಯೂ ಆರ್ಲಿಯನ್ಸ್‌ನಿಂದ ಫೀಬಿ ಮತ್ತು ಕ್ಯಾಸಿಯಸ್ ತಾವೇ ಬರೆದರೋ, ಯಾರಿಂದಲೋ ಬರೆಸಿದರೋ, ಊರಿನ ಪರಿಚಿತ ಬಿಳಿಯನೊಬ್ಬನ ಹೆಸರಿಗೆ ಕಳಿಸಿದರು. ತಪ್ಪು ಕಾಗುಣಿತದ, ನಿಲುಗಡೆ ಚಿಹ್ನೆಗಳಿಲ್ಲದ ಕಾಗದ. ಊರಲ್ಲಿ ಉಳಿದ ಹೆಣ್ಣುಮಕ್ಕಳಿಗೆ, ಮೊಮ್ಮಕ್ಕಳಿಗೆ, ಅಣ್ಣತಮ್ಮಂದಿರಿಗೆ ಹೆಸರು ಹಿಡಿದು ಹಿಡಿದು ಪ್ರೀತಿ ತಿಳಿಸಲಾಗಿದೆ. ನಡುವೆ ಒಂದು ಸುದ್ದಿ. ಫೆಬ್ರುವರಿ ಮೊದಲ ದಿನ ಜೇನ್ ತೀರಿಕೊಂಡಳು, ಕಾಯಿಲೆ ಇಂಥದೇ ಎಂದು ವೈದ್ಯರಿಗೂ ಖಚಿತವಾಗಲಿಲ್ಲ. ತಮ್ಮನ್ನು ಮಾರಿದ್ದು ಹಗೆತನದಿಂದ ಎಂಬ ಮಾತನ್ನೂ ಆ ಕಾಗದ ಮುಚ್ಚುಮರೆಯಿಲ್ಲದೆ ಹೇಳಿತು.

ಸಾವಿರಕ್ಕೂ ಮೀರಿದ ಸುಸಂಸ್ಕೃತ ಪತ್ರಗಳ ನಡುವೆ ಈ ಒಂದು ಕಾಗದ ಬೇರೆಯೇ ತೂಕದ್ದು. ಧರ್ಮಬುದ್ಧಿಯೆಂದು ಒಡೆಯ ತಿಳಿದದ್ದು ಮಾರಲ್ಪಟ್ಟವರಿಗೆ ಹಗೆತನವಾಗಿ ಕಂಡಿತ್ತು. ಸುಳ್ಳು ಹೇಳುತ್ತಿದ್ದವರು ಯಾರೂ ಅಲ್ಲ. ತಾನು ಕರುಣೆ ತೋರಿದೆನೆಂದು ಜೋನ್ಸ್ ಮನಸಾರೆ ನಂಬಿದ್ದರು. ಒಬ್ಬ ಮನುಷ್ಯನನ್ನು ಮಾರುವ ಅಧಿಕಾರ ಇನ್ನೊಬ್ಬನಲ್ಲಿರುವಾಗ ಕರುಣೆಯೂ ಆ ಅಧಿಕಾರದ ಒಂದು ಬಗೆಯಾಗಿಬಿಡುತ್ತದೆ ಎಂಬುದಷ್ಟೇ ಅವರಿಗೆ ಕಾಣಲಿಲ್ಲ.

ಯುದ್ಧ ಬಂತು

1861ರ ಜನವರಿ 19ರಂದು ಜಾರ್ಜಿಯಾ ಅಮೆರಿಕದ ಒಕ್ಕೂಟದಿಂದ ಹೊರಬಂದಿತು. ಏಪ್ರಿಲ್‌ನಲ್ಲಿ ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿತು. ಆಗ ಮಗ ಚಾರ್ಲ್ಸ್ ಸವನ್ನಾದ ಮೇಯರ್. ಮನೆಯವರೆಲ್ಲರ ಪತ್ರಗಳಲ್ಲೂ ಈಗ ಹೊಸ ಆವೇಶ. ದೇವರು ದಕ್ಷಿಣದ ಕಡೆಗಿದ್ದಾನೆಂಬ ಭರವಸೆ.

ಮೊದಲ ಪೆಟ್ಟು ಬಿದ್ದದ್ದು ಶತ್ರುವಿನಿಂದಲ್ಲ, ಕಾಯಿಲೆಯಿಂದ. 1861ರ ಜುಲೈನಲ್ಲಿ ಚಾರ್ಲ್ಸ್‌ನ ಪುಟ್ಟ ಮಗಳು ಜೂಲಿಯ ಜ್ವರದಿಂದ ಸತ್ತಳು. ಕೆಲವೇ ದಿನಗಳ ಅಂತರದಲ್ಲಿ ಹೆಂಡತಿ ರೂತ್ ಬಾಣಂತಿ ಜ್ವರಕ್ಕೆ ಬಲಿಯಾದಳು. ಉಳಿದದ್ದು ಹಸುಗೂಸು. ಆ ಕೂಸನ್ನು ಅಜ್ಜಿ ಮೇರಿ ಎತ್ತಿಕೊಂಡು ಬಂದು ಸಾಕಿದರು. ಮೇಯರ್ ಹುದ್ದೆಗೆ ಮತ್ತೆ ನಿಲ್ಲದೆ ಚಾರ್ಲ್ಸ್ ಫಿರಂಗಿ ದಳಕ್ಕೆ ಸೇರಿದ. ಆ ದಿನಗಳ ಪತ್ರಗಳನ್ನು ಓದಿದವರ ಕಣ್ಣು ತೇವವಾಗದೆ ಇರದು.

ಇದೇ ಕೈಗಳು ಬರೆದ ಮತ್ತೊಂದು ಬಗೆಯ ಪತ್ರವನ್ನೂ ನೋಡಬೇಕು. 1862ರ ಹೊತ್ತಿಗೆ ಉತ್ತರದವರ ಯುದ್ಧನೌಕೆಗಳು ಜಾರ್ಜಿಯಾ ಕರಾವಳಿಯಲ್ಲಿ ನಿಂತಿದ್ದವು. ರಾತ್ರೋರಾತ್ರಿ ದೋಣಿ ಹಿಡಿದು ಗುಲಾಮರು ಆ ನೌಕೆಗಳತ್ತ ಸಾಗತೊಡಗಿದರು. ಆ ವರ್ಷದ ಜುಲೈನಲ್ಲಿ ಹಿರಿಯ ಜೋನ್ಸ್ ಮಗನಿಗೆ ಬರೆದರು. ನಮ್ಮ ಕೌಂಟಿಯಿಂದ ಆಗಲೇ 51 ಮಂದಿ ಹೋಗಿಬಿಟ್ಟಿದ್ದಾರೆ, ಇವರು ದೇಶದ್ರೋಹಿಗಳು, ಮಲಗುವ ಕೋಣೆಯವರೆಗೂ ಶತ್ರುವಿಗೆ ದಾರಿ ತೋರಬಲ್ಲವರು, ಸೇನಾ ಕಾನೂನಿನಂತೆ ಇವರನ್ನು ಶಿಕ್ಷಿಸಲು ಬರುವುದೇ ಎಂಬುದು ಪತ್ರದ ಸಾರಾಂಶ. ಮೂವತ್ತು ವರ್ಷ ಗುಲಾಮರ ಆತ್ಮೋದ್ಧಾರಕ್ಕಾಗಿ ದೇಹ ತೇಯ್ದ ಮನುಷ್ಯನ ಮಾತು ಇದು. ಅಂದು ಪ್ರವಚನದ ನಡುವೆ ಎದ್ದು ಹೋದವರು ಈಗ ಊರನ್ನೇ ಬಿಟ್ಟು ಎದ್ದು ಹೋಗುತ್ತಿದ್ದರು.

ವ್ಯಂಗ್ಯವೆಂದರೆ, ದ್ರೋಹಕ್ಕೆ ಮೊದಲು ನಿಷ್ಠೆಯಿರಬೇಕು, ನಿಷ್ಠೆ ಬೇಕಾದರೆ ಪ್ರಜೆಯೆಂಬ ಹಕ್ಕಿರಬೇಕು. ಪೇಟೆಯಲ್ಲಿ ಬೆಲೆ ಕಟ್ಟಿ ಮಾರುವ ವಸ್ತುವನ್ನು ಯಾರೂ ದೇಶದ್ರೋಹಿ ಎನ್ನುವುದಿಲ್ಲ. ಓಡಿಹೋದವರನ್ನು ದ್ರೋಹಿಗಳೆಂದು ಕರೆಯುವ ಮೂಲಕ ಪಾದ್ರಿ ತಿಳಿಯದೆಯೇ ಅವರನ್ನು ಮನುಷ್ಯರೆಂದು ಒಪ್ಪಿಕೊಂಡಂತಾಯಿತು.

1863ರ ಮಾರ್ಚ್‌ನಲ್ಲಿ ಹಿರಿಯ ಜೋನ್ಸ್ ಆರ್ಕೇಡಿಯದಲ್ಲಿ ನಿಧನರಾದರು. ತಾವು ಕಟ್ಟಿದ ಲೋಕ ಕುಸಿಯುವುದನ್ನು ಅವರು ಕಾಣಲಿಲ್ಲ. ಅದನ್ನು ಕಂಡದ್ದು ಹೆಂಡತಿ ಮೇರಿ. 1864ರ ಡಿಸೆಂಬರ್‌ನಲ್ಲಿ ಜನರಲ್ ಷರ್ಮನ್‌ನ ಸೇನೆ ಅಟ್ಲಾಂಟದಿಂದ ಸಮುದ್ರದತ್ತ ಬಂದು ಸವನ್ನಾವನ್ನು ವಶಪಡಿಸಿಕೊಂಡಿತು. ಆತನ ಅಶ್ವದಳದವರು ಲಿಬರ್ಟಿ ಕೌಂಟಿಯನ್ನು ತಡಕಾಡಿದರು. ಅಳಿಯ ಮ್ಯಾಲರ್ಡ್ ಸೆರೆಯಾದ. ಮಾಂಟೆವಿಡಿಯೊ ಮನೆಗೆ ದಿನದಿನವೂ ಗುಂಪುಗುಂಪಾಗಿ ಸೈನಿಕರು ನುಗ್ಗಿ ಕಾಳು, ಕೋಳಿ, ಪಾತ್ರೆ, ಬಟ್ಟೆ ದೋಚಿದರು. ಮನೆಯಲ್ಲಿದ್ದವರು ಹೆಂಗಸರು, ಮಕ್ಕಳು ಮಾತ್ರ. ಮಗಳು ತುಂಬು ಗರ್ಭಿಣಿ. 1865ರ ಜನವರಿ 4ರಂದು, ಮನೆಯ ಸುತ್ತ ಸೈನಿಕರಿರುವಾಗಲೇ, ಆಕೆ ಹೆಣ್ಣುಮಗುವಿಗೆ ಜನ್ಮವಿತ್ತಳು.

ಅಂಚೆ ನಿಂತುಹೋಗಿತ್ತು. ಪತ್ರ ಬರೆದರೂ ಒಯ್ಯುವವರಿರಲಿಲ್ಲ. ಆದ್ದರಿಂದ ತಾಯಿ ಮಗಳು ದಿನಚರಿ ಬರೆದರು. ಪತ್ರಮಾಲೆಯ ನಡುವೆ ಈ ದಿನಚರಿ ಬರುವಾಗ, ಇಷ್ಟು ದಿನ ಒಬ್ಬರಿಗೊಬ್ಬರು ಮಾತಾಡುತ್ತಿದ್ದವರು ಹಠಾತ್ತನೆ ಕತ್ತಲಲ್ಲಿ ತಮ್ಮಷ್ಟಕ್ಕೇ ಮಾತಾಡಿಕೊಳ್ಳುವಂತೆ ಕೇಳಿಸುತ್ತದೆ.

ಹತ್ತಿಯ ಎಳೆ

ಈ ದೂರದ ಯುದ್ಧಕ್ಕೂ ಕರ್ನಾಟಕಕ್ಕೂ ಒಂದು ನಂಟಿದೆ. ದಕ್ಷಿಣದ ಬಂದರುಗಳಿಗೆ ಉತ್ತರದ ನೌಕಾಪಡೆ ದಿಗ್ಬಂಧನ ಹಾಕಿದ್ದರಿಂದ ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳಿಗೆ ಹತ್ತಿ ಬರುವುದು ನಿಂತಿತು. ಗಿರಣಿಗಳವರ ಕಣ್ಣು ಮುಂಬೈ ಪ್ರಾಂತದ ಮೇಲೆ ಬಿತ್ತು. ಧಾರವಾಡ ಸೀಮೆಯ ಕಪ್ಪುಮಣ್ಣಿನ ಹತ್ತಿಗೆ ಕಂಡುಕೇಳರಿಯದ ಬೆಲೆ ಬಂತು. ಘಟ್ಟವಿಳಿದು ಕುಮಟಾ ಬಂದರಿನ ಮೂಲಕ ಹೊರಡುತ್ತಿದ್ದ ಇಲ್ಲಿನ ನಾಟಿ ಹತ್ತಿಗೆ ವ್ಯಾಪಾರದಲ್ಲಿ ‘ಕುಮಟಾ’ ಎಂದೇ ಹೆಸರು. ‘ಧಾರವಾಡ ಅಮೆರಿಕನ್’ ಎಂಬ ಇನ್ನೊಂದು ತಳಿ 1840ರ ದಶಕದಲ್ಲಿ ನ್ಯೂ ಆರ್ಲಿಯನ್ಸ್ ಬೀಜದಿಂದ ಬೆಳೆಸಿದ್ದು. 1865ರಲ್ಲಿ ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು, ಮುಂಬೈಯ ಷೇರು ಪೇಟೆಯೂ ಮುಗ್ಗರಿಸಿತು. ಜಾರ್ಜಿಯಾದ ಒಡೆಯರು ದಿವಾಳಿಯಾದ ವರ್ಷವೇ ಮುಂಬೈಯ ಹತ್ತಿ ಸಾಹುಕಾರರೂ ದಿವಾಳಿಯಾದರು.

ಒಡೆತಿಗೆ ಆದ ಅವಮಾನ

ಯುದ್ಧಾನಂತರದ ಪತ್ರಗಳು ಕಥೆಯ ಅತ್ಯಂತ ಬೋಧಪ್ರದ ಭಾಗ. 1865ರ ಜನವರಿಯಲ್ಲಿ ಷರ್ಮನ್ ಹೊರಡಿಸಿದ ಆಜ್ಞೆಯೊಂದು ಈ ಕರಾವಳಿಯ ತೊರೆದ ಗದ್ದೆಗಳನ್ನು ಬಿಡುಗಡೆಯಾದ ಕಪ್ಪುಜನರ ಕುಟುಂಬಗಳಿಗೆ 40 ಎಕರೆಯಂತೆ ಹಂಚಬೇಕೆಂದಿತ್ತು. ಅದೇ ವರ್ಷ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅದನ್ನು ತಿರುಗಿಸಿ, ಭೂಮಿಯನ್ನು ಹಳೆಯ ಒಡೆಯರಿಗೇ ಕೊಡಿಸಿದರು. ಹಾಗಾಗಿ ಮೇರಿ ಜೋನ್ಸ್ ಕೈಯಲ್ಲಿ ಭೂಮಿ ಉಳಿಯಿತು, ದುಡಿಯುವವರು ಮಾತ್ರ ಈಗ ಸ್ವತಂತ್ರರು. ಕೂಲಿಗೆ ಕರಾರು ಪತ್ರ ಬೇಕು, ಅದನ್ನು ಫ್ರೀಡ್‌ಮೆನ್ಸ್ ಬ್ಯೂರೋ ಎಂಬ ಸರ್ಕಾರಿ ಕಚೇರಿ ನೋಡಿಕೊಳ್ಳುತ್ತಿತ್ತು.

1866ರ ಮೇ ತಿಂಗಳಲ್ಲಿ ಮಾಂಟೆವಿಡಿಯೊದ ಕೆಲಸಗಾರರಿಗೆ, ಒಡತಿ ಓದಿ ಹೇಳಿದ ಕರಾರು ನಿಜವಾದದ್ದೇ ಎಂಬ ಸಂಶಯ ಬಂತು. ಓದು ಬಾರದವರು ಓದು ಬಲ್ಲವರನ್ನು ಸಂಶಯಿಸಿದರೆ ಅದರಲ್ಲಿ ಆಶ್ಚರ್ಯವೇನು? ಆ ಓದನ್ನು ಅವರಿಗೆ ನಿಷೇಧಿಸಿದ್ದವರು ಯಾರೆಂಬುದು ಗೊತ್ತೇ ಇದೆ. ಆದರೆ ಮೇರಿ ಜೋನ್ಸ್‌ಗೆ ಇದು ಸಿಡಿಲಿನಂತೆ ಎರಗಿತು. ಮಗಳಿಗೆ ಬರೆದ ಪತ್ರದಲ್ಲಿ ಆಕೆ ತಿಳಿಸುವಂತೆ, ತನ್ನ ಮಾತನ್ನು ನಂಬದೆ ಇದ್ದುದು ಜೀವಮಾನದಲ್ಲೇ ತನಗಾದ ಅತಿ ದೊಡ್ಡ ಅವಮಾನವೆಂದು ಅವರಿಗೆ ಹೇಳಿದಳು. ಇಷ್ಟು ದಿನ ನಿಮ್ಮನ್ನು ಸ್ನೇಹಿತರೆಂದು ಭಾವಿಸಿದ್ದೆ, ಇನ್ನು ನೀವು ಕರಾರಿನ ಕೂಲಿಗಳಷ್ಟೇ, ನಮ್ಮ ನಡುವೆ ಇನ್ನು ಕಾನೂನೊಂದೇ ಎಂದಳು.

ಆಕೆಗೆ ಇದು ಸಂಬಂಧ ಮುರಿದ ದುಃಖ. ಎದುರಿಗೆ ನಿಂತವರಿಗೆ? ಕಾನೂನಿನ ಮುಂದೆ ಎರಡು ಪಕ್ಷಗಳಾಗಿ ನಿಲ್ಲುವುದೇ ಅವರು ತಲೆತಲಾಂತರದಿಂದ ಕಾದಿದ್ದ ಘಳಿಗೆ. ಶಿಕ್ಷೆಯೆಂದು ಆಕೆ ವಿಧಿಸಿದ್ದು ಅವರ ಪಾಲಿಗೆ ಬಿಡುಗಡೆಯಾಗಿತ್ತು.

ಮನೆಯವರು ಚದುರಿದರು. ಜೋಸೆಫ್ ಯುದ್ಧಕಾಲದಲ್ಲಿ ಆಂಡರ್ಸನ್‌ವಿಲ್ ಸೆರೆಶಿಬಿರದಲ್ಲಿ ರೋಗಗಳ ಅಧ್ಯಯನ ನಡೆಸಿದ್ದ. ಸುಮಾರು 13,000 ಉತ್ತರದ ಸೈನಿಕರು ಸತ್ತ ಜಾಗ ಅದು. ದಕ್ಷಿಣದ ಸೇನೆಗಾಗಿ ಆತ ಬರೆದ ವರದಿಯನ್ನೇ ಯುದ್ಧಾನಂತರ ಶಿಬಿರದ ಅಧಿಕಾರಿ ವಿರ್ಜ್‌ನ ವಿರುದ್ಧ ಸಾಕ್ಷ್ಯವಾಗಿ ಬಳಸಲಾಯಿತು. ಚಾರ್ಲ್ಸ್ ಬದುಕು ಅರಸಿ ಸೋಲಿಸಿದವರ ಊರಾದ ನ್ಯೂಯಾರ್ಕ್‌ಗೇ ಹೋದ. ಹತ್ತಕ್ಕೂ ಹೆಚ್ಚು ವರ್ಷ ಅಲ್ಲಿ ವಕೀಲಿ ಮಾಡಿ ಜಾರ್ಜಿಯಾಕ್ಕೆ ಮರಳಿ, ಆ ರಾಜ್ಯದ ಇತಿಹಾಸ ಬರೆದ. 1888ರಲ್ಲಿ ಕರಾವಳಿಯ ಕಪ್ಪುಜನರ ಕಥೆಗಳನ್ನು ಅವರ ಗಲ್ಲಾ ಆಡುನುಡಿಯಲ್ಲೇ ಸಂಗ್ರಹಿಸಿ ಪ್ರಕಟಿಸಿದ. ಜೇನಳನ್ನು ಹಿಡಿಸಿದ ಕೈಯೇ ಅವಳ ಜನರ ಕಥೆಗಳನ್ನೂ ಉಳಿಸಿಕೊಟ್ಟಿತು.

ಮೇರಿ ಜೋನ್ಸ್ 1868ರಲ್ಲಿ ತೋಟ ಬಿಟ್ಟು ಮಗಳ ಮನೆ ಸೇರಿದಳು. ಅಳಿಯನಿಗೆ ಪಾದ್ರಿಯ ಕೆಲಸ ದೊರೆತಿದ್ದದ್ದು ನ್ಯೂ ಆರ್ಲಿಯನ್ಸ್‌ನಲ್ಲಿ. ಹನ್ನೊಂದು ವರ್ಷದ ಹಿಂದೆ ಫೀಬಿ ಮಾರಾಟವಾಗಿ ಬಂದಿಳಿದ ಊರು, ಜೇನ್ ಸತ್ತ ಊರು. 1869ರಲ್ಲಿ ಮೇರಿ ಅಲ್ಲಿಯೇ ಕಣ್ಣುಮುಚ್ಚಿದಳು. ಇಬ್ಬರು ತಾಯಂದಿರೂ ತಮ್ಮ ಊರಿನಿಂದ ದೂರವಾಗಿ ಸೇರಿದ್ದು ಒಂದೇ ಪಟ್ಟಣಕ್ಕೆ. ಒಬ್ಬಳು ಮಗಳ ಆಸರೆಗೆ ಬಂದಳು, ಇನ್ನೊಬ್ಬಳು ಮಕ್ಕಳಿಂದ ಅಗಲಿ ಬಂದಿದ್ದಳು.

ಓದುವುದು ಹೇಗೆ?

ಇಂಥ ಪತ್ರಗಳನ್ನು ಇಂದು ಓದುವಾಗ ಎರಡು ಅಪಾಯಗಳಿವೆ. ಮನೆಯವರ ಸದ್ಗುಣಕ್ಕೆ ಮನಸೋತು, ಆ ಕಾಲ ಸೊಗಸಾಗಿತ್ತು ಎಂದುಕೊಳ್ಳುವುದು ಒಂದು. ಅವರನ್ನು ರಾಕ್ಷಸರೆಂದು ತಳ್ಳಿ, ನಾವು ಅಂಥವರಲ್ಲ ಎಂದು ನಿಶ್ಚಿಂತರಾಗುವುದು ಇನ್ನೊಂದು. ರಾಕ್ಷಸರಿಂದ ಮಾತ್ರ ಅನ್ಯಾಯ ನಡೆಯುವುದಾಗಿದ್ದರೆ ಅದನ್ನು ತೊಡೆಯುವುದು ಸುಲಭವಿತ್ತು. ದೈವಭಕ್ತರು, ವಿದ್ಯಾವಂತರು, ಮಕ್ಕಳನ್ನು ಮುದ್ದಿಸುವವರು ಸೇರಿ ನಡೆಸಿದಾಗಲೇ ಅದು ಬೇರೂರುವುದು.

ಎರಡೂ ಅಪಾಯಗಳಿಂದ ಪಾರಾಗುವ ದಾರಿಯನ್ನು ಅರ್ಸ್ಕಿನ್ ಕ್ಲಾರ್ಕ್ ಎಂಬ ಇತಿಹಾಸಕಾರರು ತೋರಿಸಿದ್ದಾರೆ. 2005ರಲ್ಲಿ ಬಂದ ‘ಡ್ವೆಲಿಂಗ್ ಪ್ಲೇಸ್’ ಎಂಬ ಅವರ ಗ್ರಂಥ ಇದೇ ಮನೆತನದ ಕಥೆಯನ್ನು ಅದೇ ತೋಟಗಳಲ್ಲಿದ್ದ ಗುಲಾಮ ಕುಟುಂಬಗಳ ಕಥೆಯ ಜೊತೆಗೆ ಹೆಣೆದು ಹೇಳುತ್ತದೆ. ಒಡೆಯರ ಪತ್ರಗಳಲ್ಲಿ ಅಲ್ಲೊಂದು ಇಲ್ಲೊಂದು ಬಂದುಹೋಗುವ ಹೆಸರುಗಳನ್ನು ಆಯ್ದು ವಂಶಾವಳಿಗಳನ್ನು ಕಟ್ಟಲಾಗಿದೆ. ಕಾಗದ ಒಂದೇ, ಓದುವ ಬಗೆ ಬೇರೆಯಾದಾಗ ಚರಿತ್ರೆಯೂ ಬೇರೆಯಾಗುತ್ತದೆ.

ಲಿಬರ್ಟಿ ಕೌಂಟಿಯ ಕಥೆ ಪತ್ರಗಳೊಂದಿಗೆ ಮುಗಿಯಲಿಲ್ಲ. ಯುದ್ಧದ ನಂತರದ ದಶಕದಲ್ಲಿ ಅಲ್ಲಿ ಕಪ್ಪುಜನರ ಮಕ್ಕಳಿಗಾಗಿ ಡಾರ್ಚೆಸ್ಟರ್ ಅಕಾಡೆಮಿ ಎಂಬ ಶಾಲೆ ಪ್ರಾರಂಭವಾಯಿತು. 1960ರ ದಶಕದಲ್ಲಿ ಅದೇ ಆವರಣದಲ್ಲಿ ಸೆಪ್ಟಿಮಾ ಕ್ಲಾರ್ಕ್ ಮೊದಲಾದವರು ಪ್ರೌಢರಿಗೆ ಅಕ್ಷರ ಕಲಿಸುವ ಶಿಕ್ಷಕರನ್ನು ತರಬೇತುಗೊಳಿಸಿದರು, ಮತದಾನದ ಹಕ್ಕು ಪಡೆಯಲು ಓದು ಬೇಕಾಗಿದ್ದುದರಿಂದ. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ಸಂಗಡಿಗರು ಬರ್ಮಿಂಗ್‌ಹ್ಯಾಮ್ ಚಳವಳಿಯ ಯೋಜನೆ ರೂಪಿಸಿದ್ದೂ ಅಲ್ಲಿಯೇ. ಯಾವ ನೆಲದಲ್ಲಿ ಅಕ್ಷರ ಕಲಿಸುವುದು ಅಪರಾಧವಾಗಿತ್ತೋ ಅದೇ ನೆಲದಲ್ಲಿ ಅಕ್ಷರವೇ ಹೋರಾಟದ ಮೊದಲ ಪಾಠವಾಯಿತು. ಫೀಬಿಯ ಕಾಗದಕ್ಕೆ ಬಂದ ಉತ್ತರ ಅದು, ನೂರು ವರ್ಷ ತಡವಾಗಿ.